ಪತ್ರಾ ಗಟ್ಟಿ ಇದ್ದರೆ ಗಾಡಿ ಗಟ್ಟಿನಾ?

ಪ್ರಶ್ನೆ: ನಾನು ಸೇಡಂ ಕಡೆಯ ಹಳ್ಳಿಯೊಂದರಲ್ಲಿ ಶಿಕ್ಷಕಿ. ಮನೆ ಕಲಬುರಗಿಯಲ್ಲಿ. ದಿನಾ ಹೋಗಿ ಬರಲು ನೂರು ಕಿಲೋಮೀಟರ್ ಹತ್ತಿರ ಆಗುತ್ತದೆ. ಐದು ವರ್ಷದ ಮಗನೂ ನನ್ನ ಜೊತೆಗೇ ಬರುತ್ತಾನೆ. ಹತ್ತು ಲಕ್ಷದ ಆಸುಪಾಸಿನಲ್ಲಿ ಒಂದು ಹೊಸ ಕಾರು ತಗೋಬೇಕು. ಮಾವನವರು "ನಮ್ಮ ದೇಶದ ಕಂಪನಿದೇ ತಗೋರಿ, ಪತ್ರಾ ಮಜಬೂತ್ ಇರ್ತದ, ಬಾಗಿಲು ಹಾಕಿದ್ರ ಧಪ್ ಅಂತದ" ಎನ್ನುತ್ತಾರೆ. ಬೆಂಗಳೂರಿನಲ್ಲಿರುವ ತಮ್ಮ "ಅಕ್ಕಾ, ಜಪಾನ್ ಇಲ್ಲಾ ಕೊರಿಯಾ ಗಾಡಿ ತಗೋ, ಫಿನಿಶಿಂಗ್ ನೋಡು, ಹತ್ತು ವರ್ಷ ತಲೆನೋವಿಲ್ಲ" ಎನ್ನುತ್ತಾನೆ. ಬಿಲ್ಡ್ ಕ್ವಾಲಿಟಿ ನಿಜಕ್ಕೂ ಯಾರದು ಚೆನ್ನಾಗಿದೆ?

ಉತ್ತರ: ಅಕ್ಕೋರೇ, ಇಬ್ಬರ ಮಾತಿನಲ್ಲೂ ನಿಜ ಇದೆ. ಆದರೆ ಇಬ್ಬರೂ ಹೇಳುತ್ತಿರುವುದು ಬೇರೆ ಬೇರೆ ವಿಷಯ. ಮಾವನವರು ಹೇಳುತ್ತಿರುವುದು ಹೊರಗಿನ ತಗಡು. ನಿಮ್ಮ ತಮ್ಮ ಹೇಳುತ್ತಿರುವುದು ಜೋಡಣೆ ಮತ್ತು ಬಾಳಿಕೆ. ಮಗನನ್ನು ಕೂರಿಸಿಕೊಂಡು ಸಿಮೆಂಟ್ ಲಾರಿಗಳ ನಡುವೆ ದಿನಾ ಓಡಾಡುವ ನಿಮಗೆ ಎಲ್ಲಕ್ಕಿಂತ ಮೊದಲು ಬೇಕಿರುವುದು ಮೂರನೆಯದು. ಅದು ಬಣ್ಣದ ಹಿಂದೆ ಅಡಗಿರುವ ಹಂದರ, ಅಂದರೆ ಕಾರಿನ ಉಕ್ಕಿನ ಅಸ್ಥಿಪಂಜರ. ಅದರ ಬಗ್ಗೆ ಇಬ್ಬರೂ ಮಾತೇ ಎತ್ತಿಲ್ಲ.

ಹುಮನಾಬಾದ್ ರಸ್ತೆಯಲ್ಲಿ ನನ್ನದೊಂದು ಬಾಡಿ ಶಾಪ್ ಇದೆ. ಟಿಂಕರಿಂಗ್, ಪೇಂಟಿಂಗ್, ಆ್ಯಕ್ಸಿಡೆಂಟ್ ಗಾಡಿಗಳ ಕೆಲಸ. ಇಪ್ಪತ್ತಾರು ವರ್ಷದಿಂದ ಗುದ್ದಿಸಿಕೊಂಡು ಬಂದ ಕಾರುಗಳನ್ನು ಬಿಚ್ಚುತ್ತಾ ಬಂದಿದ್ದೇನೆ. ಶೋರೂಮಿನಲ್ಲಿ ಯಾರಿಗೂ ಕಾಣದ ಭಾಗಗಳು ನನಗೆ ದಿನಾ ಕಾಣುತ್ತವೆ. ಆ ಅನುಭವದ ಮೇಲೆ ಹೇಳುತ್ತೇನೆ, ದೇಶಿ ಒಳ್ಳೆಯದೋ ವಿದೇಶಿ ಒಳ್ಳೆಯದೋ ಅನ್ನುವ ಪ್ರಶ್ನೆಗೆ ಉತ್ತರವೇ ಇಲ್ಲ. ಯಾವ ಮಾಡೆಲ್, ಯಾವ ವರ್ಷದ್ದು ಅಂತ ಕೇಳಿದರೆ ಮಾತ್ರ ಉತ್ತರ ಸಿಗುತ್ತದೆ.

ಮೊದಲು ಆ ಧಪ್ ಸದ್ದಿನ ವಿಷಯ ಮುಗಿಸೋಣ. ನಮ್ಮ ಕಡೆ ಕಾರು ನೋಡಲು ಹೋದವರು ಮಾಡುವ ಮೊದಲ ಕೆಲಸವೇ ಅದು, ಅಲ್ವಾ? ಬಾಗಿಲು ತೆಗೆದು ಜೋರಾಗಿ ಹಾಕುವುದು, ಆಮೇಲೆ ಬಾನೆಟ್ ಮೇಲೆ ಹೆಬ್ಬೆರಳು ಒತ್ತುವುದು. ಕಳೆದ ಬೇಸಿಗೆಯಲ್ಲಿ ಒಂದೇ ವಾರ ನನ್ನ ಹತ್ತಿರ ಎರಡು ಬಾಗಿಲು ಬಿಚ್ಚಿ ಇಟ್ಟಿದ್ದೆ. ಒಂದು ದೇಶಿ ಕಂಪನಿಯ ಕಾರಿನದು, ಇನ್ನೊಂದು ಹೊರಗಿನ ಕಂಪನಿಯದು. ಒಂದು ಧಪ್ ಅನ್ನುತ್ತಿತ್ತು, ಇನ್ನೊಂದು ಡಬ್ಬಿ ಮುಚ್ಚಿದ ಹಾಗೆ ಟಣ್ ಅನ್ನುತ್ತಿತ್ತು. ಯಾವುದು ಯಾವುದು ಅಂತ ಬೇಕೆಂದೇ ಹೇಳುತ್ತಿಲ್ಲ.

ಎರಡರ ಒಳಪ್ಯಾಡ್ ತೆಗೆದು ಪಕ್ಕಪಕ್ಕ ನಿಲ್ಲಿಸಿ ಹುಡುಗರಿಗೆ ತೋರಿಸಿದೆ. ಹೊರಗಿನ ತಗಡು ಅಂಚಿನಲ್ಲಿ ಅಳೆದರೆ ಎರಡೂ ಮುಕ್ಕಾಲು ಮಿಲಿಮೀಟರ್ ಸುಮಾರಿಗೇ ಇದ್ದವು. ಕೂದಲೆಳೆಯಷ್ಟು ವ್ಯತ್ಯಾಸ. ಹಾಗಾದರೆ ಸದ್ದು ಯಾಕೆ ಬೇರೆ? ಧಪ್ ಅನ್ನುವ ಬಾಗಿಲಿನ ಒಳಮೈಗೆ ಡಾಂಬರಿನಂಥ ಒಂದು ದಪ್ಪ ಕಪ್ಪು ಹಾಳೆ ಅಂಟಿಸಿದ್ದರು. ಅದು ತಗಡಿನ ನಡುಕವನ್ನು ಹೀರುತ್ತದೆ. ಸುತ್ತಲೂ ರಬ್ಬರ್ ಬೀಡಿಂಗ್ ಎರಡು ಸಾಲು ಇತ್ತು. ಲಾಕಿನ ಕೊಂಡಿಗೆ ಪ್ಲಾಸ್ಟಿಕ್ ಹೊದಿಕೆ ಇತ್ತು. ಇನ್ನೊಂದರಲ್ಲಿ ಹಾಳೆ ಇಲ್ಲ, ಬೀಡಿಂಗ್ ಒಂದೇ ಸಾಲು. ಸದ್ದಿನ ಗುಟ್ಟು ಇಷ್ಟೇ. ನಾಲ್ಕೂ ಬಾಗಿಲಿಗೆ ಅಂಥ ಹಾಳೆ ಹಾಕಿಸಿದರೆ ಯಾವ ಕಾರು ಬೇಕಾದರೂ ಧಪ್ ಅನ್ನುತ್ತದೆ.

ಪಕ್ಕದಿಂದ ಯಾವುದಾದರೂ ಬಂದು ಗುದ್ದಿದರೆ ಕಾಪಾಡುವುದು ಆ ತಗಡಲ್ಲ. ಬಾಗಿಲೊಳಗೆ ಅಡ್ಡಲಾಗಿ ಬೆಸೆದಿರುವ ಉಕ್ಕಿನ ಪೈಪು ಅಥವಾ ಪಟ್ಟಿ, ಮತ್ತು ಮುಂದಿನ ಹಿಂದಿನ ಬಾಗಿಲುಗಳ ನಡುವೆ ನಿಂತಿರುವ ಕಂಬ. ಅದಕ್ಕೆ ಬಿ ಪಿಲ್ಲರ್ ಅನ್ನುತ್ತೇವೆ. ಈ ಕಂಬದ ಗಟ್ಟಿತನ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೂ ತಿಳಿಯುವುದಿಲ್ಲ. ನನಗೆ ತಿಳಿಯುವುದು ಡ್ರಿಲ್ ಹಾಕಿದಾಗ. ಹಳೆಯ ಕಂಬ ಬದಲಿಸಬೇಕಾದರೆ ಅದರ ಸ್ಪಾಟ್ ವೆಲ್ಡುಗಳನ್ನು, ಅಂದರೆ ತಗಡುಗಳನ್ನು ಬೆಸೆದ ಚುಕ್ಕೆಗಳನ್ನು, ಒಂದೊಂದಾಗಿ ಕೊರೆದು ತೆಗೆಯಬೇಕು. ಹದಿನೈದು ವರ್ಷದ ಹಿಂದಿನ ಎಷ್ಟೋ ಕಾರುಗಳಲ್ಲಿ ಮಾಮೂಲಿ ಬಿಟ್ ಸಲೀಸಾಗಿ ಇಳಿಯುತ್ತಿತ್ತು. ಈಗಿನ ಕೆಲವು ಕಾರುಗಳಲ್ಲಿ ಅದೇ ಬಿಟ್ ಕೀರಲು ದನಿ ಮಾಡುತ್ತದೆ, ನೀಲಿಗಟ್ಟುತ್ತದೆ, ಎರಡು ತೂತಿಗೆ ಮೊಂಡಾಗುತ್ತದೆ. ಅದು ಬೋರಾನ್ ಬೆರೆಸಿದ ಉಕ್ಕು. ಕೆಂಪಗೆ ಕಾಯಿಸಿ ಅಚ್ಚಿನಲ್ಲಿ ಒತ್ತಿ, ಅಚ್ಚಿನಲ್ಲೇ ಗಕ್ಕನೆ ತಣಿಸಿ ಮಾಡಿದ್ದು. ಮಾಮೂಲಿ ತಗಡಿಗಿಂತ ನಾಲ್ಕೈದು ಪಟ್ಟು ಗಟ್ಟಿ. ಮೊದಲ ಸಲ ಅಂಥ ಗಾಡಿ ಬಂದಾಗ ನನ್ನ ಮಿಸ್ತ್ರಿ "ಸಾಬ್, ಇದು ಲೋಹಾನೋ ಕಲ್ಲೋ?" ಎಂದು ಕೇಳಿದ್ದ. ಅಂಥ ಉಕ್ಕು ದೇಶಿ ಕಾರಿನಲ್ಲೂ ಸಿಕ್ಕಿದೆ, ವಿದೇಶಿ ಕಾರಿನಲ್ಲೂ ಸಿಕ್ಕಿದೆ. ಅಷ್ಟೇ ಬೆಲೆಯ ಇನ್ನು ಕೆಲವು ಕಾರುಗಳಲ್ಲಿ ಸಿಕ್ಕಿಲ್ಲ.

ಇನ್ನು ಬಾನೆಟ್. ಅದು ತೆಳ್ಳಗಿರುವುದು ಕಂಪನಿಯ ಜಿಪುಣತನವಲ್ಲ. ರಸ್ತೆ ದಾಟುವವರು ಅಕಸ್ಮಾತ್ ಬಡಿಸಿಕೊಂಡರೆ ಅವರ ತಲೆ ಬೀಳುವುದು ಬಾನೆಟ್ ಮೇಲೆ. ಅದು ಬಗ್ಗಬೇಕು. ಹಾಗೆಯೇ ಕಾರಿನ ಮೂತಿ ಪೂರ್ತಿ ಮುದ್ದೆಯಾಗಿದ್ದು ಕಂಡರೆ ನಮ್ಮ ಜನ "ಏನೂ ದಮ್ ಇಲ್ಲ ಗಾಡಿಯಾಗ" ಎನ್ನುತ್ತಾರೆ. ಆ ಮೂತಿ ಮುದ್ದೆಯಾಗಲೆಂದೇ ಇರುವುದು. ಡಿಕ್ಕಿಯ ಹೊಡೆತವನ್ನು ಮೂತಿ ತಿಂದುಬಿಟ್ಟರೆ ಒಳಗೆ ಕೂತವರಿಗೆ ಕಡಿಮೆ ತಾಕುತ್ತದೆ. ಮೂತಿ ಮುದುಡಬೇಕು, ಜನ ಕೂರುವ ಜಾಗ ಮುದುಡಬಾರದು. ಈ ವಿಚಾರವನ್ನು ಮರ್ಸಿಡಿಸ್ ಕಂಪನಿಯ ಎಂಜಿನಿಯರ್ ಬೇಲಾ ಬಾರೆನಿ 1950ರ ದಶಕದ ಶುರುವಿನಲ್ಲೇ ಪೇಟೆಂಟ್ ಮಾಡಿಸಿದ್ದರು.

ಹಳೇ ಕಾಲದ ಗಾಡಿಗಳೇ ಮಜಬೂತ್ ಅನ್ನುವವರಿಗೆ ನಾನು ಒಂದು ಪರೀಕ್ಷೆಯ ಕತೆ ಹೇಳುತ್ತೇನೆ. 2009ರಲ್ಲಿ ಅಮೆರಿಕದ ಐಐಎಚ್‌ಎಸ್ ಅನ್ನುವ ಹೆದ್ದಾರಿ ಸುರಕ್ಷತಾ ಸಂಸ್ಥೆ ತನ್ನ ಐವತ್ತನೇ ವರ್ಷಕ್ಕೆ ಎರಡು ಕಾರುಗಳನ್ನು ಎದುರುಬದುರು ಗುದ್ದಿಸಿತು. ಒಂದು 1959ರ ಶೆವ್ರೊಲೆ ಬೆಲ್ ಏರ್. ಹಡಗಿನಂಥ ಭಾರೀ ಗಾಡಿ. ಇನ್ನೊಂದು 2009ರ ಶೆವ್ರೊಲೆ ಮಾಲಿಬು. ವೇಗ ಗಂಟೆಗೆ ಸುಮಾರು 64 ಕಿಲೋಮೀಟರ್. ಬೆಲ್ ಏರ್‌ನ ಚಾಲಕನ ಜಾಗ ನುಚ್ಚುನೂರಾಯಿತು. ಮಾಲಿಬುವಿನ ಮೂತಿ ಹೋಯಿತು, ಒಳಗಿನ ಗೂಡು ನಿಂತಿತು. ಎರಡೂ ಒಂದೇ ಕಂಪನಿಯ ಕಾರುಗಳು. ನಡುವೆ ಇದ್ದ ವ್ಯತ್ಯಾಸ ಐವತ್ತು ವರ್ಷದ ಕಲಿಕೆ ಮಾತ್ರ. ನಮ್ಮ ಅಂಬಾಸಡರ್ ಕೂಡ ಬೆಲ್ ಏರ್ ಕಾಲದ್ದೇ. ಅದರ ತಗಡನ್ನು ನಾನೇ ಸುತ್ತಿಗೆಯಿಂದ ಬಡಿದು ಕೆಲಸ ಕಲಿತವನು. ಆ ಗಾಡಿ ಮೇಲೆ ಪ್ರೀತಿ ಇದೆ. ಆದರೆ ನನ್ನ ಮೊಮ್ಮಗಳನ್ನು ಅದರಲ್ಲಿ ಕೂರಿಸಿಕೊಂಡು ಹೆದ್ದಾರಿಗೆ ಹೋಗುವುದಿಲ್ಲ.

ಈಗ ದೇಶಿ ವಿದೇಶಿ ಲೆಕ್ಕಕ್ಕೆ ಬರೋಣ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಮೊದಲ ಸಲ ಭಾರತದ ಐದು ಕಾರುಗಳ ಡಿಕ್ಕಿ ಪರೀಕ್ಷೆಯ ಫಲಿತಾಂಶ ಕೊಟ್ಟಿತು. ಮಾರುತಿ ಆಲ್ಟೋ 800, ಟಾಟಾ ನ್ಯಾನೋ, ಫೋರ್ಡ್ ಫಿಗೋ, ಹ್ಯುಂಡೈ ಐ10, ಫೋಕ್ಸ್‌ವ್ಯಾಗನ್ ಪೋಲೋ. ಐದೂ ಕಾರು, ಏರ್‌ಬ್ಯಾಗ್ ಇಲ್ಲದ ವೇರಿಯಂಟ್‌ನಲ್ಲಿ, ದೊಡ್ಡವರ ಸುರಕ್ಷತೆಯಲ್ಲಿ ಐದಕ್ಕೆ ಸೊನ್ನೆ ಸ್ಟಾರ್. ಜಪಾನ್, ಭಾರತ, ಅಮೆರಿಕ, ಕೊರಿಯಾ, ಜರ್ಮನಿ, ಎಲ್ಲರೂ ಒಂದೇ ಸಾಲಿನಲ್ಲಿ ಫೇಲ್. ಅದೇ ಪೋಲೋಗೆ ಎರಡು ಏರ್‌ಬ್ಯಾಗ್ ಹಾಕಿ ಪರೀಕ್ಷಿಸಿದಾಗ ನಾಲ್ಕು ಸ್ಟಾರ್ ಬಂತು. ಅಂದರೆ ಅದರ ಹಂದರ ಚೆನ್ನಾಗಿತ್ತು, ನಮಗೆ ಮಾರುವಾಗ ಏರ್‌ಬ್ಯಾಗ್ ಕೈಬಿಟ್ಟಿದ್ದರು. ಎಲ್ಲ ಕಾರಿನ ಕತೆ ಹಾಗಿರಲಿಲ್ಲ. ಕೆಲವಕ್ಕೆ ಏರ್‌ಬ್ಯಾಗ್ ಹಾಕಿದರೂ ಪ್ರಯೋಜನವಿರಲಿಲ್ಲ, ಗೂಡೇ ಕುಸಿಯುತ್ತಿತ್ತು.

2016ರಲ್ಲಿ ಏರ್‌ಬ್ಯಾಗ್ ಇಲ್ಲದ ಮಹೀಂದ್ರ ಸ್ಕಾರ್ಪಿಯೋಗೂ ಸೊನ್ನೆಯೇ ಬಂತು. ನಮ್ಮ ಜೇವರ್ಗಿ, ಅಫಜಲಪುರ ಕಡೆ ಸ್ಕಾರ್ಪಿಯೋ ಅಂದರೆ ಉಕ್ಕಿನ ಕೋಟೆ ಅನ್ನುವ ನಂಬಿಕೆ. ಎತ್ತರ, ಭಾರ, ಅಗಲ ಎಲ್ಲ ಇತ್ತು. ಅದಕ್ಕೇ ಹೇಳುವುದು, ಗಾತ್ರ ನೋಡಿ ನಂಬಬೇಡಿ. ಆಮೇಲೆ ಅದೇ ಮಹೀಂದ್ರ ಹೊಸದಾಗಿ ಕಟ್ಟಿದ ಸ್ಕಾರ್ಪಿಯೋ ಎನ್ 2022ರ ಡಿಸೆಂಬರ್‌ನಲ್ಲಿ ಐದು ಸ್ಟಾರ್ ತಗೊಂಡಿತು. ಟಾಟಾ ನೆಕ್ಸಾನ್ 2018ರ ಆಗಸ್ಟ್‌ನಲ್ಲಿ ನಾಲ್ಕು ಸ್ಟಾರ್ ತಗೊಂಡು, ತಿದ್ದಿಕೊಂಡು, ಡಿಸೆಂಬರ್‌ನಲ್ಲಿ ಐದು ಸ್ಟಾರ್ ಪಡೆಯಿತು. ಭಾರತದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ಕಾರುಗಳಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನ ಐದು ಸ್ಟಾರ್ ಕಂಡ ಮೊದಲ ಕಾರು ಅದು. ನಮ್ಮವರು ಈ ವಿಷಯದಲ್ಲಿ ಮುಂದಾಳತ್ವ ವಹಿಸಿದರು ಅನ್ನುವುದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ನಿಮ್ಮ ಮಾವನವರ ನಂಬಿಕೆಗೆ ಬುಡ ಇರುವುದೂ ಇಲ್ಲೇ.

ಹಾಗಂತ ಹೊರಗಿನವರು ಸುಮ್ನೆ ಕೂರಲಿಲ್ಲ. 2022 ಮತ್ತು 2023ರಲ್ಲಿ ಸ್ಕೋಡಾ ಕುಶಾಕ್, ಫೋಕ್ಸ್‌ವ್ಯಾಗನ್ ಟೈಗುನ್, ಆಮೇಲೆ ಸ್ಲಾವಿಯಾ, ವರ್ಟಸ್, ಹ್ಯುಂಡೈ ವರ್ನಾ ಐದು ಸ್ಟಾರ್ ಪಡೆದವು. ಎಲ್ಲಕ್ಕಿಂತ ಕಣ್ಣು ತೆರೆಸುವುದು ಮಾರುತಿಯ ಕತೆ. 2022ರ ಕೊನೆಗೆ ಆಗಿನ ಸ್ವಿಫ್ಟ್‌ಗೆ ಒಂದೇ ಸ್ಟಾರ್. ಎರಡೇ ವರ್ಷಕ್ಕೆ, 2024ರ ನವೆಂಬರ್‌ನಲ್ಲಿ, ಹೊಸ ಡಿಜೈರ್‌ಗೆ ಐದು ಸ್ಟಾರ್. ಕಂಪನಿ ಅದೇ, ಬ್ಯಾಡ್ಜ್ ಅದೇ. "ಮಾರುತಿ ಪತ್ರಾ ಡಬ್ಬಾ" ಅಂತ ಇವತ್ತೂ ಹೇಳುವವರು ಹಳೇ ಮಾತನ್ನೇ ಹೇಳುತ್ತಿದ್ದಾರೆ. "ಟಾಟಾ ಅಂದರೆ ಐದು ಸ್ಟಾರ್" ಅಂತ ಕಣ್ಣು ಮುಚ್ಚಿ ಕೊಳ್ಳುವುದೂ ಸರಿಯಲ್ಲ. ಮಾಡೆಲ್ ನೋಡಿ.

ವರ್ಷವನ್ನೂ ನೋಡಬೇಕು ಅಂದೆ. ಯಾಕೆಂದರೆ ಪರೀಕ್ಷೆಯ ನಿಯಮ 2022ರ ಜುಲೈನಿಂದ ಬಿಗಿಯಾಯಿತು. ಮುಂದಿನಿಂದ 64 ಕಿಲೋಮೀಟರ್ ವೇಗದಲ್ಲಿ ಗುದ್ದಿಸುವುದರ ಜೊತೆಗೆ ಎಲ್ಲ ಕಾರುಗಳನ್ನೂ ಪಕ್ಕದಿಂದ ಗುದ್ದಿಸುವುದು, ಕಂಬಕ್ಕೆ ಪಕ್ಕದಿಂದ ಬಡಿಸುವುದು, ಗಾಡಿ ಜಾರದಂತೆ ಹಿಡಿಯುವ ಇಎಸ್‌ಸಿ ಇರುವುದು, ಇವೆಲ್ಲ ಸೇರಿಕೊಂಡವು. ಹಾಗಾಗಿ 2020ರ ಐದು ಸ್ಟಾರ್, 2024ರ ಐದು ಸ್ಟಾರ್ ಒಂದೇ ತೂಕದವಲ್ಲ. 2023ರ ಅಕ್ಟೋಬರ್‌ನಿಂದ ನಮ್ಮದೇ ದೇಶದ ಡಿಕ್ಕಿ ಪರೀಕ್ಷೆ, ಭಾರತ್ ಎನ್‌ಕ್ಯಾಪ್, ಶುರುವಾಗಿದೆ. ಅದರ ಜಾಲತಾಣದಲ್ಲಿ ಪ್ರತಿ ಕಾರಿನ ಅಂಕ ಇದೆ. ದೊಡ್ಡವರಿಗೆ 32ಕ್ಕೆ ಎಷ್ಟು, ಮಕ್ಕಳಿಗೆ 49ಕ್ಕೆ ಎಷ್ಟು ಅಂತ ಬೇರೆ ಬೇರೆ. ನೀವು ಟೀಚರ್, ಬರೀ ರ‍್ಯಾಂಕ್ ನೋಡದೆ ಮಾರ್ಕ್ಸ್ ಕಾರ್ಡ್ ನೋಡುವುದು ನಿಮಗೆ ಹೇಳಿಕೊಡಬೇಕಿಲ್ಲ. ಮಕ್ಕಳ ಅಂಕ ಮೊದಲು ನೋಡಿ.

ಇನ್ನೊಂದು ಮಾತು. ಈ ದೇಶಿ, ವಿದೇಶಿ ಅನ್ನುವ ಗೆರೆಯೇ ಈಗ ಅಳಿಸಿಹೋಗಿದೆ. ಮಾರುತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಜಪಾನಿನ ಸುಜುಕಿಯದು, ಗಾಡಿ ತಯಾರಾಗುವುದು ಹರಿಯಾಣ, ಗುಜರಾತಿನಲ್ಲಿ. ಟೊಯೋಟಾ ಜಪಾನಿನದು, ಕಾರು ಹೊರಬರುವುದು ನಮ್ಮ ಬಿಡದಿಯಿಂದ. ಹ್ಯುಂಡೈ ಚೆನ್ನೈ ಹತ್ತಿರ, ಕಿಯಾ ಅನಂತಪುರ ಕಡೆ, ಸ್ಕೋಡಾ ಪುಣೆ ಹತ್ತಿರದ ಚಾಕಣದಲ್ಲಿ. ಎಂಜಿ ಅನ್ನುವುದು ಬ್ರಿಟಿಷ್ ಹೆಸರು, ಮಾಲೀಕರು ಚೀನಾದವರು, ಇಲ್ಲಿ ಜೆಎಸ್‌ಡಬ್ಲ್ಯೂ ಪಾಲುದಾರರು, ಫ್ಯಾಕ್ಟರಿ ಗುಜರಾತಿನ ಹಾಲೋಲ್‌ನಲ್ಲಿ. ಟೊಯೋಟಾ ಗ್ಲಾನ್ಜಾ ಅಂದರೆ ಮಾರುತಿ ಬಲೆನೋ. ಟಾಟಾ ಹ್ಯಾರಿಯರ್‌ನ ಬುನಾದಿ ಲ್ಯಾಂಡ್ ರೋವರ್‌ನಿಂದ ಬಂದದ್ದು, ಡೀಸೆಲ್ ಎಂಜಿನ್ ಫಿಯಟ್ ಮೂಲದ್ದು.

ಹಳೇ ಮಿಸ್ತ್ರಿಗಳಿಗೆ ಇದು ಹೊಸದಲ್ಲ. ಫಿಯಟ್‌ನ 1.3 ಲೀಟರ್ ಡೀಸೆಲ್ ಎಂಜಿನ್ ನೆನಪಿದೆಯಾ? ಸ್ವಿಫ್ಟ್‌ನಲ್ಲೂ ಅದೇ, ಇಂಡಿಕಾ ವಿಸ್ಟಾದಲ್ಲೂ ಅದೇ, ಪುಂಟೋದಲ್ಲೂ ಅದೇ ಇತ್ತು. ಒಂದೇ ಹೃದಯ, ಮೂರು ದೇಶದ ಬ್ಯಾಡ್ಜ್. ಗಿರಾಕಿಗಳು ಮಾತ್ರ "ಜಪಾನ್ ಎಂಜಿನ್ ಸಾಬ್" ಎಂದು ಸ್ವಿಫ್ಟ್ ಹೊಗಳುತ್ತಿದ್ದರು.

ಸುರಕ್ಷತೆ ಆಯಿತು. ಈಗ ನಿಮ್ಮ ತಮ್ಮನ ಮಾತು. ಜೋಡಣೆ, ಬಾಳಿಕೆ. ಇಲ್ಲಿ ಅವನ ಮಾತಿಗೆ ಜಾಸ್ತಿ ತೂಕ ಇದೆ. ನಾನು ಕಂಡ ಹಾಗೆ ಜಪಾನ್, ಕೊರಿಯಾ ಕಂಪನಿಗಳ ಕಾರುಗಳಲ್ಲಿ ಒಂದು ಗಾಡಿಗೂ ಇನ್ನೊಂದು ಗಾಡಿಗೂ ಫರಕು ಕಡಿಮೆ. ಬಾಗಿಲ ಸಂದು ಎಡಕ್ಕೆ ನಾಲ್ಕು ಮಿಲಿಮೀಟರ್ ಇದ್ದರೆ ಬಲಕ್ಕೂ ನಾಲ್ಕೇ. ಸ್ವಿಚ್ಚು, ವೈರಿಂಗ್, ಸೆನ್ಸರ್ ಸಣ್ಣಪುಟ್ಟ ತೊಂದರೆ ಕಡಿಮೆ. ದೇಶಿ ಕಾರುಗಳಲ್ಲಿ ಹಂದರ ಗಟ್ಟಿಯಿದ್ದರೂ ಈ ಸಣ್ಣ ವಿಷಯಗಳಲ್ಲಿ ಅದೃಷ್ಟದ ಆಟ ಇತ್ತು. ಒಬ್ಬರ ಗಾಡಿ ಐದು ವರ್ಷ ಕೆಮ್ಮಲಿಲ್ಲ, ಅದೇ ಮಾಡೆಲ್‌ನ ಇನ್ನೊಬ್ಬರ ಗಾಡಿಯಲ್ಲಿ ಸ್ಕ್ರೀನ್ ಕಪ್ಪಾಗುವುದು, ಹಿಂದಿನ ಬಾಗಿಲಿನಿಂದ ಮಳೆನೀರು ಸೋರುವುದು. ಈಚಿನ ವರ್ಷಗಳಲ್ಲಿ ಇದು ಬಹಳ ಸುಧಾರಿಸಿದೆ. ಪೂರ್ತಿ ಹೋಗಿದೆ ಅಂತ ನಾನು ಹೇಳಲಾರೆ.

ಬಾಳಿಕೆ ಅಂದಾಗ ಬೆಂಗಳೂರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಿಮ್ಮ ತಮ್ಮನ ಕಾರು ನೆರಳಿನ ಬೇಸ್‌ಮೆಂಟ್‌ನಲ್ಲಿ ನಿಲ್ಲುತ್ತದೆ. ನಿಮ್ಮದು ಏಪ್ರಿಲ್, ಮೇ ತಿಂಗಳಲ್ಲಿ 43, 44 ಡಿಗ್ರಿ ಬಿಸಿಲಲ್ಲಿ ನಿಲ್ಲುತ್ತದೆ. ಮಂಗಳೂರಿನವರಿಗೆ ತುಕ್ಕು ಶತ್ರು. ನಮಗೆ ಬಿಸಿಲು ಮತ್ತು ಧೂಳು. ಬಿಸಿಲಿಗೆ ರಬ್ಬರ್ ಬೀಡಿಂಗ್ ಒಣಗಿ ಗಟ್ಟಿಯಾಗುತ್ತದೆ. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಹಿಗ್ಗಿ ಕುಗ್ಗಿ ಕ್ಲಿಪ್ಪುಗಳು ಸಡಿಲವಾಗುತ್ತವೆ. ಆಮೇಲೆ ಸಣ್ಣ ಹಳ್ಳ ಬಂದರೂ ಕಿರ್ ಕಿರ್. ಹೊಸ ಕಾರಿನಲ್ಲಿ ಇದು ಯಾವುದೂ ಗೊತ್ತಾಗುವುದಿಲ್ಲ, ಮೂರನೇ ಬೇಸಿಗೆ ಕಳೆಯಬೇಕು.

ಅದಕ್ಕೆ ನಾನು ಗೆಳೆಯರಿಗೆ ಹೇಳಿಕೊಡುವ ಒಂದು ಪರೀಕ್ಷೆ ಇದೆ. ಇದಕ್ಕೆ ಯಾವ ಯಂತ್ರವೂ ಬೇಡ. ನೀವು ಯೋಚಿಸುತ್ತಿರುವ ಮಾಡೆಲ್ ಮೂರ್ನಾಲ್ಕು ವರ್ಷದಿಂದ ನಿಮ್ಮ ದಾರಿಯಲ್ಲೇ ಓಡುತ್ತಿದ್ದರೆ, ಅದರ ಮಾಲೀಕರನ್ನು ಹುಡುಕಿ. ಮಳಖೇಡ, ವಾಡಿ, ಶಹಾಬಾದ್ ಕಡೆ ದಿನಾ ಹೋಗುವವರು ಸಿಕ್ಕೇ ಸಿಗುತ್ತಾರೆ. ಗಾಡಿ ತೊಳೆಯುವ ಮೊದಲು ನೋಡಬೇಕು. ಹಿಂದಿನ ಬಾಗಿಲು ತೆಗೆಯಿರಿ. ಬಾಗಿಲ ಚೌಕಟ್ಟಿನ ಮೇಲೆ ಸಿಮೆಂಟ್ ಧೂಳು, ಪರಸಿ ಕಲ್ಲಿನ ಧೂಳು ಬಿಳಿ ಗೆರೆ ಬರೆದಿರುತ್ತದೆ. ಆ ಗೆರೆ ರಬ್ಬರ್ ಬೀಡಿಂಗ್‌ನ ಹೊರಗೇ ನಿಂತಿದೆಯಾ, ಬೀಡಿಂಗ್ ದಾಟಿ ಒಳಗೆ ಬಂದಿದೆಯಾ? ಆಮೇಲೆ ಹಿಂದೆ ಸಾಮಾನು ಇಡುವ ಡಿಕ್ಕಿ ತೆಗೆದು ಸ್ಟೆಪ್ನಿ ಮೇಲಿನ ಹಲಗೆ ಎತ್ತಿ. ಸ್ಟೆಪ್ನಿ ಗುಂಡಿಯಲ್ಲಿ ಬೆರಳಾಡಿಸಿ. ಹಿಟ್ಟಿನಂಥ ನುಣ್ಣನೆಯ ಧೂಳು ಬೆರಳಿಗೆ ಹತ್ತಿದರೆ ಆ ಕಾರಿನ ಸೀಲಿಂಗ್ ಸರಿಯಿಲ್ಲ. ಇವತ್ತು ಧೂಳು ಹೋದ ದಾರಿಯಲ್ಲೇ ನಾಳೆ ಮಳೆನೀರು ಹೋಗುತ್ತದೆ, ನಾಡಿದ್ದು ವೈರಿಂಗ್ ಕನೆಕ್ಟರ್ ಹಸಿರುಗಟ್ಟುತ್ತದೆ. ನಾನು ಹೀಗೆ ನೋಡಿದ ಕಾರುಗಳಲ್ಲಿ ದುಬಾರಿ ವಿದೇಶಿ ಗಾಡಿಯ ಗುಂಡಿಯಲ್ಲಿ ಒಂದು ಮುಷ್ಟಿ ಧೂಳು ಕಂಡಿದ್ದೇನೆ, ಎಂಟು ಲಕ್ಷದ ದೇಶಿ ಗಾಡಿಯ ಗುಂಡಿ ಒರೆಸಿಟ್ಟ ಹಾಗೆ ಇದ್ದದ್ದೂ ಕಂಡಿದ್ದೇನೆ. ಬೇರೆ ಬೇರೆ ದಿನ ಉಲ್ಟಾ ಕೂಡ ಕಂಡಿದ್ದೇನೆ.

ಅದೇ ಮಾಲೀಕರನ್ನು ಕೇಳಿ, ಚಕ್ರದ ಹತ್ತಿರದ ಸಸ್ಪೆನ್ಷನ್ ಭಾಗಗಳಾದ ಲಿಂಕ್ ರಾಡ್, ಲೋವರ್ ಆರ್ಮ್ ಬುಶ್ ಎಷ್ಟು ಸಾವಿರ ಕಿಲೋಮೀಟರ್‌ಗೆ ಬದಲಿಸಿದಿರಿ ಅಂತ. ನಮ್ಮ ರಸ್ತೆಗಳಲ್ಲಿ ಮೊದಲು ಸೋಲುವುದು ಅವೇ. ಏಸಿ ಹೇಗಿದೆ ಅಂತಲೂ ಕೇಳಿ. ಏಸಿಯ ಬಿಸಿ ಹೊರಹಾಕುವ ಮುಂದಿನ ಜಾಲರಿಗೆ, ಅಂದರೆ ಕಂಡೆನ್ಸರ್‌ಗೆ, ಸಿಮೆಂಟ್ ಧೂಳು ಕೂತುಬಿಟ್ಟರೆ ಎಂಥ ಏಸಿಯೂ ಬೇಸಿಗೆಯಲ್ಲಿ ಸುಸ್ತಾಗುತ್ತದೆ.

ಬಣ್ಣದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಫ್ಯಾಕ್ಟರಿ ಬಣ್ಣ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು) ದಪ್ಪ ಇರುತ್ತದೆ, ಎಲ್ಲರದೂ ಸುಮಾರಾಗಿ ಅಷ್ಟೇ. ಡೆಲಿವರಿ ದಿನ ಹಗಲು ಬೆಳಕಿನಲ್ಲಿ ಗಾಡಿ ಸುತ್ತ ಒಂದು ಸುತ್ತು ಹಾಕಿ ಬಣ್ಣದ ಛಾಯೆ ಒಂದೇ ಇದೆಯಾ ನೋಡಿದರೆ ಸಾಕು. ಸಂಜೆ ಹೊತ್ತು ಡೆಲಿವರಿ ತಗೋಬೇಡಿ.

ಇನ್ನು ಬ್ರ್ಯಾಂಡ್ ವಿಚಾರದಲ್ಲಿ ನಮ್ಮ ಊರಿನವರು ನಿಜಕ್ಕೂ ಲೆಕ್ಕ ಹಾಕಬೇಕಾದದ್ದು ಒಂದಿದೆ. ಗಾಡಿ ಕೆಟ್ಟರೆ ಸಾಮಾನು ಎಲ್ಲಿಂದ ಬರಬೇಕು? ಜನರಲ್ ಮೋಟರ್ಸ್ 2017ರ ಕೊನೆಗೆ ಶೆವ್ರೊಲೆ ಮಾರಾಟ ನಿಲ್ಲಿಸಿತು. ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಡಾಟ್ಸನ್ 2022ರಲ್ಲಿ ಹೋಯಿತು. ಇವುಗಳಲ್ಲಿ ಕೆಲವು ಕಾರು ಗಟ್ಟಿಮುಟ್ಟಾಗಿದ್ದವು. ನನ್ನ ಶಾಪ್‌ಗೆ ಬಂದ ಇಂಥ ಒಂದು ಗಾಡಿಯ ಹೆಡ್‌ಲೈಟ್‌ಗೆ ಐವತ್ತೆರಡು ದಿನ ಕಾದಿದ್ದೇವೆ. ಕೊನೆಗೆ ಹೈದರಾಬಾದಿನ ಗುಜರಿ ಅಂಗಡಿಯಲ್ಲಿ ಸಿಕ್ಕಿತು. ಗಾಡಿಯ ಮಾಲೀಕರು ಹಿರಿಯರು, ಪ್ರತಿ ಸೋಮವಾರ ಬಂದು ಕೂತು ಚಹಾ ಕುಡಿದು ಹೋಗುತ್ತಿದ್ದರು. ಅವರಿಗೆ ಮುಖ ತೋರಿಸುವುದೇ ನನಗೆ ಕಷ್ಟವಾಗಿತ್ತು. ದಿನಾ ನೂರು ಕಿಲೋಮೀಟರ್ ಓಡುವ ನಿಮ್ಮ ಕಾರಿಗೆ ಸರ್ವಿಸ್ ಸೆಂಟರ್ ಕಲಬುರಗಿ ಊರಲ್ಲೇ ಇರಬೇಕು. ಸಾಮಾನು ಹೆಚ್ಚೆಂದರೆ ಎರಡು ಮೂರು ದಿನಕ್ಕೆ ಬರಬೇಕು. ಬುಕ್ ಮಾಡುವ ಮೊದಲು ಸರ್ವಿಸ್ ಸೆಂಟರ್‌ನ ಗೇಟಿನ ಹತ್ತಿರ ಅರ್ಧ ಗಂಟೆ ನಿಂತು, ಸಾಮಾನಿಗಾಗಿ ಕಾಯುತ್ತಾ ಧೂಳು ತಿನ್ನುತ್ತಿರುವ ಗಾಡಿ ಎಷ್ಟಿವೆ ನೋಡಿ.

ನಿಮ್ಮ ಬಜೆಟ್‌ಗೆ ಹೆಸರು ಹೇಳಿ ಅಂದರೆ ಹೇಳುತ್ತೇನೆ. ಟಾಟಾ ಪಂಚ್, ನೆಕ್ಸಾನ್, ಮಹೀಂದ್ರ ಎಕ್ಸ್‌ಯುವಿ 3ಎಕ್ಸ್‌ಒ, ಮಾರುತಿ ಡಿಜೈರ್, ಸ್ಕೋಡಾ ಕೈಲಾಕ್. ಐದಕ್ಕೂ ಡಿಕ್ಕಿ ಪರೀಕ್ಷೆಯಲ್ಲಿ ಐದು ಸ್ಟಾರ್ ಇದೆ. ಪಂಚ್ ಪೆಟ್ರೋಲ್ ಗಾಡಿಯ 2021ರ ಸ್ಟಾರ್ ಹಳೇ ನಿಯಮದ್ದು, ಅದನ್ನು ನೆನಪಿಡಿ. ಮೂರು ದೇಶಿ, ಒಂದು ಜಪಾನ್ ನಂಟಿನದು, ಒಂದು ಯುರೋಪಿನದು. ಮಾವನವರಿಗೂ ಸಮಾಧಾನ, ತಮ್ಮನಿಗೂ ಸಮಾಧಾನ. ಹಂದರದ ಪರೀಕ್ಷೆ ಪಾಸಾದ ಈ ಪಟ್ಟಿಯೊಳಗೆ ಮಾತ್ರ ಧೂಳಿನ ಪರೀಕ್ಷೆ, ಸರ್ವಿಸ್, ಫಿನಿಶಿಂಗ್ ನೋಡಿ ಆರಿಸಿ. ಮೊದಲು ಫಿನಿಶಿಂಗ್ ನೋಡಿ ಆಮೇಲೆ ಹಂದರ ನೋಡುವುದು ಬೇಡ. ನಾನೇ ನಿಮ್ಮ ಜಾಗದಲ್ಲಿದ್ದರೆ ಡಿಜೈರ್ ಮತ್ತು 3ಎಕ್ಸ್‌ಒ ಎರಡನ್ನೂ ಓಡಿಸಿ ನೋಡುತ್ತಿದ್ದೆ. ದಿನದ ಓಡಾಟದ ಪೆಟ್ರೋಲ್ ಖರ್ಚಿಗೆ ಡಿಜೈರ್ ಹಗುರ. ಕೆಟ್ಟ ರಸ್ತೆಗೆ, ಮಳೆಗಾಲಕ್ಕೆ 3ಎಕ್ಸ್‌ಒ ಎತ್ತರ ಒಳ್ಳೆಯದು.

ಕಾರು ತಗೊಂಡ ಮೇಲೆ ನಾವೇ ಅದರ ಬಿಲ್ಡ್ ಕ್ವಾಲಿಟಿ ಹಾಳು ಮಾಡುತ್ತೇವೆ. ಇದನ್ನು ಕೈಮುಗಿದು ಹೇಳುತ್ತೇನೆ. ಮುಂದೆ ಕಬ್ಬಿಣದ ಬಂಪರ್ ಗಾರ್ಡ್ ಹಾಕಿಸಬೇಡಿ. ಅದು ನೇರವಾಗಿ ಚಾಸಿಗೆ ಬೋಲ್ಟ್ ಆಗುತ್ತದೆ. ಮುದುಡಬೇಕಾದ ಮೂತಿ ಮುದುಡುವುದಿಲ್ಲ, ಹೊಡೆತ ಸೀದಾ ಒಳಗೆ ಬರುತ್ತದೆ, ಏರ್‌ಬ್ಯಾಗ್ ಸೆನ್ಸರ್‌ಗೂ ಲೆಕ್ಕ ತಪ್ಪುತ್ತದೆ. ಕೇಂದ್ರ ಸರ್ಕಾರ 2017ರಲ್ಲೇ ಇವು ಕಾನೂನಿಗೆ ವಿರುದ್ಧ ಎಂದು ಹೇಳಿದೆ. ಆದರೂ ಊರ ತುಂಬ ಹಾಕಿಸುತ್ತಾರೆ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಎಂದು ಬರೆದ ಚಿಕ್ಕ ಪಟ್ಟಿ ಇದ್ದರೆ, ಅದರ ಮೇಲೆ ದಪ್ಪ ಸೀಟ್ ಕವರ್ ಹೊಲಿಸಬೇಡಿ. ಏರ್‌ಬ್ಯಾಗ್ ಸೀಟಿನಿಂದಲೇ ಹೊರಬರಬೇಕು, ಕವರ್ ಅದನ್ನು ಹಿಡಿದಿಡುತ್ತದೆ. ಮುಂದೆ ಎಂದಾದರೂ ಗಾಡಿ ಗುದ್ದಿಸಿಕೊಂಡರೆ, ಪಿಲ್ಲರ್‌ಗೆ ಗ್ಯಾಸ್ ಬೆಂಕಿ ಹಿಡಿದು ನೆಟ್ಟಗೆ ಮಾಡುವ ಶಾಪ್‌ಗೆ ಕೊಡಬೇಡಿ. ಆ ಬೋರಾನ್ ಉಕ್ಕು ಕೆಂಪಗೆ ಕಾದು ತಾನೇ ಆರಿದರೆ ತನ್ನ ಗಟ್ಟಿತನ ಕಳೆದುಕೊಳ್ಳುತ್ತದೆ. ಹೊರಗೆ ಬಣ್ಣ ಹೊಡೆದರೆ ಯಾರಿಗೂ ಗೊತ್ತಾಗುವುದಿಲ್ಲ. ಆ ಕಂಬವನ್ನು ಬದಲಿಸಲೇಬೇಕು.

ಮಗನ ವಿಷಯ ಕೊನೆಗೆ ಇಟ್ಟಿದ್ದೆ. ಭಾರತ್ ಎನ್‌ಕ್ಯಾಪ್‌ನಲ್ಲಿ ಮಕ್ಕಳ ಅಂಕ ಕೊಡುವುದು ಚೈಲ್ಡ್ ಸೀಟಿನಲ್ಲಿ ಕೂರಿಸಿದ ಗೊಂಬೆಗಳಿಗೆ. ಒಂದೂವರೆ ವರ್ಷದ್ದು ಒಂದು, ಮೂರು ವರ್ಷದ್ದು ಒಂದು. ಯಾರದೋ ತೊಡೆ ಮೇಲೆ ಕೂತ ಮಗುವಿಗೆ ಆ ಐದು ಸ್ಟಾರ್ ಲೆಕ್ಕಕ್ಕೇ ಬರುವುದಿಲ್ಲ. ಐದು ವರ್ಷದವನಿಗೆ ಅವನ ಎತ್ತರ, ತೂಕಕ್ಕೆ ಹೊಂದುವ ಸೀಟು ಬೇಕು, ಹಿಂದಿನ ಸಾಲಿನಲ್ಲಿ. ಹಾಗಾಗಿ ಶೋರೂಮಿಗೆ ಹೋಗುವ ದಿನ ಅವನನ್ನೂ ಕರೆದುಕೊಂಡು ಹೋಗಿ. ಹಿಂದಿನ ಸೀಟಿನ ಸಂದಿಯಲ್ಲಿ ಕೈಹಾಕಿ ಚೈಲ್ಡ್ ಸೀಟ್ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿ ಎರಡೂ ಬೆರಳಿಗೆ ಸಿಗುತ್ತವಾ ನೋಡಿ. ಯಾರದಾದರೂ ಚೈಲ್ಡ್ ಸೀಟ್ ಎರವಲು ಸಿಕ್ಕರೆ ಅದನ್ನೂ ಒಯ್ದು, ಅಲ್ಲೇ ಕೂರಿಸಿ, ಟಕ್ ಎಂದು ಕೂತಿತಾ, ಅಲುಗಾಡುತ್ತದಾ ಎಂದು ನಿಮ್ಮ ಕೈಯಿಂದಲೇ ಎಳೆದು ನೋಡಿ. ಅವನನ್ನು ಕೂರಿಸಿ ಬೆಲ್ಟ್ ಹಾಕಿ, ಕಿಟಕಿಯಿಂದ ಹೊರಗೆ ಕಾಣುತ್ತದಾ ಎಂದು ಅವನನ್ನೇ ಕೇಳಿ. ಹೊರಗೆ ಕಾಣದಿದ್ದರೆ ಮಳಖೇಡ ಮುಟ್ಟುವ ಮೊದಲೇ ಬೆಲ್ಟ್ ಬಿಚ್ಚಿಕೊಂಡು ಎದ್ದು ನಿಲ್ಲುತ್ತಾನೆ.